ಬಸಿಗಾಲುವೆಯ ಆಚೆ

ಕಪ್ಪು ಹಲಗೆಯ ಮೇಲೆ ಅವರು ಮೊದಲು ಎಳೆಯುತ್ತಿದ್ದದ್ದು ಗರಗಸದ ಹಲ್ಲಿನಂಥ ಒಂದು ಸೊಟ್ಟ ಗೆರೆ. ಅದರ ಎದುರಿಗೆ ಅಂಥದೇ ಇನ್ನೊಂದು. ನಡುವೆ ಅಂಗೈಯಗಲ ಜಾಗ ಖಾಲಿ.

"ಇದು ಈ ಕಡಿ ಮಂದಿ ಕಂದಕ, ಇದು ಆ ಕಡಿ ಮಂದಿದು. ನಡುವಿನ ನೆಲ ಯಾರ್ದೂ ಅಲ್ಲ. ಈಗ ಹೇಳ್ರಿ, ಕಂದಕ ಯಾಕ ನೆಟ್ಟಗ ತೋಡಿಲ್ಲ?"

"ಕಂಟ್ರಾಕ್ಟರ್ ಕುಡದಿದ್ದನೋ ಏನೋರೀ ಮೇಡಂ," ಎಂದಿದ್ದ ಒಮ್ಮೆ ಹಿಂದಿನ ಬೆಂಚಿನ ಹುಡುಗ. ತರಗತಿಯೆಲ್ಲ ನಕ್ಕಿತು. ಅವರೂ ನಕ್ಕರು. ಆಮೇಲೆ ಹೇಳಿದರು: "ನೆಟ್ಟಗಿದ್ರ ಒಂದು ತುದ್ಯಾಗ ನಿಂತು ಗುಂಡು ಹೊಡೆದ್ರ ಇನ್ನೊಂದು ತುದಿತನಕ ಎಲ್ಲಾರೂ ಬೀಳ್ತಾರ. ಸೊಟ್ಟ ಇದ್ರ ಮೂಲಿಮೂಲಿಗೆ ನಾಕು ಜೀವ ಉಳಿತಾವ."

ಸಿಂಧನೂರಿನ ನಮ್ಮ ಕಾಲೇಜಿನಲ್ಲಿ ಅವರು ಇತಿಹಾಸ ಹೇಳುತ್ತಿದ್ದರು, ನಾನು ಕನ್ನಡ. ಎರಡು ಕೋಣೆಗಳ ನಡುವೆ ಇದ್ದದ್ದು ಗೋಡೆಯಲ್ಲ, ಪ್ಲೈವುಡ್ಡಿನ ಹಲಗೆ. ನಾನು ಹಳಗನ್ನಡ ಪದ್ಯ ಬಿಡಿಸುವಾಗ ಆ ಕಡೆಯಿಂದ ಫ್ರಾನ್ಸಿನ ತೋಪು ಕೇಳುತ್ತಿದ್ದವು. ನನ್ನ ಹುಡುಗರ ಕಿವಿಯೂ ಅತ್ತಲೇ. ನಾನೂ ಮನಸ್ಸಿನಲ್ಲಿ ಒಂದು ಕಿವಿ ಅತ್ತ ಇಟ್ಟೇ ಪಾಠ ಮಾಡುತ್ತಿದ್ದೆ.

ಪಠ್ಯದಲ್ಲಿ ಮೊದಲನೇ ಮಹಾಯುದ್ಧದ ಕಂದಕಗಳಿಗೆ ಇದ್ದದ್ದು ಅರ್ಧ ಪುಟ. ಅವರು ಅದಕ್ಕೆ ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದರು. ರಾಜರ ವಂಶಾವಳಿಯನ್ನು ಓಡಿಸಿಕೊಂಡು ಹೋಗುವ ಅದೇ ಹೆಂಗಸು ಇಲ್ಲಿಗೆ ಬಂದರೆ ಕಾಲೂರಿ ನಿಂತುಬಿಡುತ್ತಿದ್ದರು.

"ಇಬ್ಬರೂ ಗೆಲ್ಲಾಂಗಿಲ್ಲ, ಇಬ್ಬರೂ ಬಿಡಾಂಗಿಲ್ಲ. ಮಳಿ, ಇಲಿ, ಹೇನು, ಕೆಸರಾಗ ನಿಂತು ನಿಂತು ಕೊಳಿಯೋ ಕಾಲು. ಹೊರಗ ಬರೋದು ಹ್ಯಾಂಗ? ವಾರಗಟ್ಟಲೆ ತೋಪು ಹಾರಿಸಿದ್ರು. ಎದುರಿನವರು ನೆಲದಾಗ ಆಳಕ್ಕ ಇಳದು ಕುಂತ್ರು. ತೋಪು ನಿಂತ ಕೂಡ್ಲೇ ಮ್ಯಾಲ ಬಂದು ಮಷಿನ್ ಗನ್ ಹಚ್ಚಿದ್ರು. 'ನಾಳಿ ಬರ್ತೀವಿ' ಅಂತ ಡಂಗುರ ಹೊಡದು ಕಳ್ಳನ್ನ ಹಿಡಿಯಾಕ ಹೋದಂಗಾತು. ವಿಷದ ಹೊಗಿ ಬಿಟ್ರು, ಗಾಳಿ ತಿರುಗಿ ತಮ್ಮ ಮಾರಿಗೇ ಬಂತು. ಟ್ಯಾಂಕು ತಂದ್ರು, ನಮ್ಮ ಎರಿಹೊಲದಾಗ ಟ್ರ್ಯಾಕ್ಟರ್ ಹುಗಿತಾವಲ್ಲ, ಹಂಗ ಹುಗದು ನಿಂತ್ವು."

ಮುಂದಿನ ಮಾತನ್ನು ನಿಧಾನವಾಗಿ ಹೇಳುತ್ತಿದ್ದರು. ಅದು ನನಗೆ ಬಾಯಿಪಾಠವಾಗಿತ್ತು.

"ಮೊದಲನೇ ಕಂದಕ ಮುರಿಯೋದು ಅಷ್ಟು ಕಷ್ಟ ಇದ್ದಿಲ್ಲ. ಭಾಳ ಸಲ ಮುರದ್ರು. ಮುರದು ಒಳಗ ಹೋದವರ ಹಿಂದ ಯಾರೂ ಬರತಿದ್ದಿಲ್ಲ. ಅಷ್ಟರಾಗ ಎದುರಿನವರು ಹಿಂದಿನಿಂದ ಮಂದಿ ತಂದು ಮತ್ತ ಮುಚ್ಚಿಬಿಡತಿದ್ರು. ಅದನ್ನ ತಿಳ್ಕೊಳ್ಳಾಕ ಲಕ್ಷಗಟ್ಟಲೆ ಹುಡುಗರು ಸತ್ರು. ನಮ್ಮ ದೇಶದ ಹುಡುಗರೂ ಅದರಾಗ ಅದಾರ, ಬರ್ಕೋರಿ."

ಸ್ಟಾಫ್ ರೂಮಿನಲ್ಲಿ ಅವರು ಹೆಚ್ಚು ಮಾತಾಡುವವರಲ್ಲ. ಚಹಾ ನಿಂತೇ ಕುಡಿಯುತ್ತಿದ್ದರು. ಚೀಲದಲ್ಲಿ ಯಾವಾಗಲೂ ಇನ್ನೊಂದು ಜೊತೆ ಚಪ್ಪಲಿ, ಪ್ಲಾಸ್ಟಿಕ್ಕಿನವು, ಕೆಸರಿಗೆ ಅಂತ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಟೈಮ್ ಸಿಗಲಿಲ್ರಿ," ಎನ್ನುತ್ತಿದ್ದರು, ಬಸ್ಸು ತಪ್ಪಿದ್ದನ್ನು ಹೇಳಿದಷ್ಟೇ ಸಲೀಸಾಗಿ. ಇನ್ನೊಂದು ಅಭ್ಯಾಸವಿತ್ತು. ಹೊಸ ಊರಿಗೆ ಹೋದರೆ ಗುಡಿ, ಕೋಟೆ ನೋಡುವ ಮೊದಲು ಓಣಿಗಳ ಅಗಲ ನೋಡುತ್ತಿದ್ದರು. ಮಸ್ಕಿಯಲ್ಲಿ ನಮ್ಮ ಮನೆಗೆ ಮೊದಲ ಸಲ ಬಂದಾಗ ಸಂದಿಯ ಬಾಯಲ್ಲೇ ನಿಂತು, "ಇಲ್ಲಿ ನಾಕು ಮಂದಿ ಜೋಡಿ ನಡಿಬಹುದಲ್ರಿ?" ಎಂದರು. ನಾನು ಏನೋ ಇತಿಹಾಸದವರ ಮಾತು ಅಂದುಕೊಂಡು ನಕ್ಕುಬಿಟ್ಟೆ.

ಆ ಮಾತಿನ ಅರ್ಥ ಆದದ್ದು ಅವರ ಕಾಕಾ ತೀರಿಕೊಂಡ ದಿನ.

ಜವಳಗೇರಾ ದಾಟಿ ಕಾಲುವೆ ಹಿಡಿದು ಹೋದರೆ ಸಿಗುವ ಸಣ್ಣ ಊರು ಅವರದು. ಊರ ಆಚೆಗೆ ಅವರ ಕಾಲೋನಿ; ಹೆಚ್ಚಿನ ಮನೆಗಳಲ್ಲಿ ಬುದ್ಧನ ಚಿತ್ರ, ಒಬ್ಬರೋ ಇಬ್ಬರೋ ನೌಕರದಾರರು. ಅವರ ಮಂದಿಯನ್ನು ಮಣ್ಣು ಮಾಡುವ ಜಾಗ ಕಾಲೋನಿಯ ಎದುರಿಗೇ ಕಾಣುತ್ತದೆ, ಒಂದು ಬೇವಿನ ಮರದ ಕೆಳಗೆ. ಆದರೆ ನಡುವೆ ಪೂರಾ ಭತ್ತದ ಗದ್ದೆ. ಗದ್ದೆಯ ಅಂಚಿಗೆ ಆಳವಾದ ಬಸಿಗಾಲುವೆ, ಗದ್ದೆಯ ಹೆಚ್ಚಿನ ನೀರು ಹರಿದುಹೋಗಲು ತೋಡಿದ್ದು. ಅದು ಗೌಡರೊಬ್ಬರ ಹೊಲ.

ನಾನು ಹೋದಾಗ ಚಟ್ಟವನ್ನು ಬಸಿಗಾಲುವೆಗೆ ಇಳಿಸುತ್ತಿದ್ದರು. ಇಬ್ಬರು ಎದೆಮಟ್ಟ ನೀರಿನಲ್ಲಿ ನಿಂತು ಕೈ ಎತ್ತಿ ಹಿಡಿದರು, ದಂಡೆಯ ಮೇಲಿದ್ದವರು ಎಳೆದುಕೊಂಡರು. ಆಚೆಗೆ ಬದು, ಒಬ್ಬರು ಕಾಲಿಡುವಷ್ಟು ಅಗಲ. ನಾಲ್ಕು ಮಂದಿ ಹೊರುವ ಚಟ್ಟ ಅದು. ಹೊತ್ತವರು ಬದುವಿನ ಎರಡೂ ಕಡೆ ಗದ್ದೆಯ ನೀರಿಗಿಳಿದು ನಡೆದರು. ನಡುವೆ ಒಬ್ಬ ಜಾರಿದ. ಚಟ್ಟ ವಾಲಿತು, ಸತ್ತವರ ಒಂದು ಕೈ ಹೊದಿಕೆಯಿಂದ ಹೊರಗೆ ಬಂದು ಭತ್ತದ ತೆನೆಗೆ ತಾಗಿತು. ಇವರು ನನ್ನ ಜೊತೆ ಈಚೆ ದಂಡೆಯಲ್ಲೇ, ಕಾಲೋನಿಯ ಕೊನೆಯ ಮನೆಯ ಬಳಿ ನಿಂತಿದ್ದರು.

"ಮೊದಲ ಇಲ್ಲಿ ಜ್ವಾಳದ ಹೊಲ ಇತ್ರಿ," ಎಂದರು. "ಯಾರು ಬೇಕಾದ್ರೂ ಹಾದು ಹೋಗ್ತಿದ್ರು, ಗಾಡಿ ಹಾದಿ ಇತ್ತು. ಕಾಲುವಿ ನೀರು ಬಂತು, ನೆಲ್ಲು ಬಂತು. ವರ್ಷಾ ವರ್ಷಾ ನೇಗಿಲಿನ ಒಂದೊಂದು ಸಾಲು ಹಾದಿ ಒಳಗ ಬಂತು. ಕಡೀಕ ಈ ತಗ್ಗು ತೋಡಿದ್ರು."

ಅವರ ಹಿಂದೆ ಗೋಡೆಗೆ ಆತು ಕುಳಿತಿದ್ದ ಅವರವ್ವ, ಮೈದುನನ ಚಟ್ಟ ಹೋದ ದಾರಿಯನ್ನೇ ನೋಡುತ್ತ ಅಂದರು: "ನನ್ನ ಮಾತ್ರ ನೀರಾಗ ಒಯ್ಯಬ್ಯಾಡ ಮಗಳ. ನನಗ ಮೊದಲ ನೀರಂದ್ರ ಅಂಜಿಕಿ."

ಅವರು ಸಿಕ್ಕಿಕೊಂಡದ್ದು ಎಲ್ಲಿ ಅಂತ ಆವತ್ತು ನನಗೆ ತಿಳಿಯಿತು. ಬಡ್ತಿ ಬಂದಾಗ ಬೇರೆ ಜಿಲ್ಲೆ ಅಂತ ಬಿಟ್ಟುಕೊಟ್ಟಿದ್ದರು. ಶನಿವಾರ ಆಯಿತೆಂದರೆ ಊರ ಬಸ್ಸು. ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದರೆ ಊಟ ಸೇರುತ್ತಿರಲಿಲ್ಲ. ನಾವು ಒಂದಿಬ್ಬರು ಹೇಳಿದೆವು: ಅವ್ವನನ್ನು ಸಿಂಧನೂರಿಗೇ ಕರೆದುಕೊಂಡು ಬಂದುಬಿಡಿ, ನಾಳೆ ಏನಾದರೂ ಆದರೆ ಇಲ್ಲಿ ರಸ್ತೆಯಾದರೂ ಇದೆ.

"ಕೇಳ್ದೆರಿ," ಎಂದರು. "'ನಿಮ್ಮಪ್ಪ ಇಲ್ಲಿ ಮಲಗ್ಯಾನ, ನನ್ನ ಅಲ್ಲಿ ಯಾರ ಬಾಜೂಕ ಮಲಗಸ್ತಿ?' ಅಂತಾಳ."

ಹಾಗಂತ ಸುಮ್ಮನೆ ಕೂತವರಲ್ಲ. ಅರ್ಜಿ ಕೊಟ್ಟಿದ್ದರು. ಕಚೇರಿ ಮುಂದೆ ಬಿಸಿಲಲ್ಲಿ ಕೂತಿದ್ದರು. ಒಮ್ಮೆ ಅಧಿಕಾರಿಗಳೇ ಪೊಲೀಸರ ಜೊತೆ ಬಂದು ಬಸಿಗಾಲುವೆ ಮುಚ್ಚಿಸಿ, ಫೋಟೊ ತೆಗೆಸಿಕೊಂಡು ಹೋದರು. ಕಾಲೋನಿಯವರು ಸಿಹಿ ಹಂಚಿದರು. ಮುಂದಿನ ವಾರ ಜೆಸಿಬಿ ಬಂದು ಮೊದಲಿಗಿಂತ ಆಳ ತೋಡಿ ಹೋಯಿತು.

"ಮೊದಲನೇ ಕಂದಕ ಹಿಡದ್ವಿ, ಮನಿಗೆ ಹೋಗಿ ಮಲಕ್ಕೊಂಡ್ವಿ," ಎಂದಿದ್ದರು ನನಗೆ, ಬಸ್ ಸ್ಟ್ಯಾಂಡಿನಲ್ಲಿ. ನಗಲಿಲ್ಲ. "ಕಲಿಸಾಕ ಬರ್ತೈತಿ ನನಗ. ಮಾಡಾಕ ಬರಾಂಗಿಲ್ಲ."

ಅವರ ತಮ್ಮ ಲೈನ್‌ಮನ್. ಬಿಸಿ ರಕ್ತ. "ಅಕ್ಕಾ, ಅರ್ಜಿ ಬರದು ಬರದು ನಿನ್ನ ಕೂದ್ಲ ಬೆಳ್ಳಗಾತು. ಒಮ್ಮೆ ನಾವೆಲ್ಲಾ ಕೂಡಿ ಹೊಲಕ್ಕ ನುಗ್ಗೋಣು. ಏನಾಗತೈತೋ ಆಗ್ಲಿ," ಅನ್ನುತ್ತಿದ್ದ. ಅವರು ಅವನ ತೋಳು ಹಿಡಿದು ಕೂರಿಸುತ್ತಿದ್ದರು. "ಆಗೋದು ಏನಂತ ನನಗ ಗೊತ್ತೈತಿ. ಗೌಡ್ರಿಗೆ ಒಂದು ಕೇಸು, ನಮ್ಮ ಹುಡುಗರಿಗೆ ಹತ್ತು. ಎದುರಿಗೆ ಓಡಿ ಹೋದವರು ಮುಳ್ಳುತಂತಿಗೆ ಜೋತು ಬಿದ್ದಿದ್ದು ಓದೀನಪಾ ನಾನು."

ಗೌಡರನ್ನು ನಾನು ಮೊದಲ ಸಲ ನೋಡಿದ್ದು ಇವರ ಜೊತೆ ಅವರ ಮನೆಗೆ ಹೋದಾಗ. ಒರಟು ಮನುಷ್ಯ ಅಂದುಕೊಂಡಿದ್ದೆ, ನಯವಾಗಿ ಮಾತಾಡಿದರು. "ಬಾ ತಂಗಿ, ನೀ ನಮ್ಮೂರಿನ ಹೆಸರು ತಂದಾಕಿ. ನಿಮ್ಮ ಹೆಣಕ್ಕ ನಾ ಅಡ್ಡ ಬಂದೀನೇನು? ಬದು ಐತಿ, ಹೋಗ್ರಿ. ನೀರು ಬಸಿಯದಿದ್ರ ನನ್ನ ಬೆಳಿ ಕೊಳಿತೈತಿ, ಅದನ್ನೂ ನೋಡ್ಬೇಕಲ್ಲ." ಹೊರಗೆ ಬಂದ ಮೇಲೆ ಇವರು, "ಹೊಡಿಯಾಕ ಬಂದಿದ್ರ ಚೊಲೋ ಇತ್ತು," ಎಂದರು.

ಆವತ್ತು ತಿರುಗಿ ಬರುವಾಗ ಬಸಿಗಾಲುವೆಯ ದಂಡೆ ಹಿಡಿದು ನಡೆದೆವು. ಬಸ್ಸಿಗೆ ಹೊತ್ತಿತ್ತು. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡೋಣ ಅಂತ ಸುಮ್ಮನೆ ನಡೆದದ್ದು. ಗೌಡರ ಹೊಲ ಅರ್ಧ ದಾರಿಗೇ ಮುಗಿಯಿತು. ಅಲ್ಲಿಂದ ಬೇವಿನ ಮರದವರೆಗೆ ಇನ್ನೊಬ್ಬರ ಹೊಲ, ಪಕ್ಕದ ಕ್ಯಾಂಪಿನವರದು. ಕಾಲುವೆ ಬಂದ ಕಾಲಕ್ಕೆ ಆಂಧ್ರದ ಕಡೆಯಿಂದ ಬಂದು ನೆಲೆನಿಂತ ತೆಲುಗು ರೈತರ ವಸತಿಗೆ ನಮ್ಮಲ್ಲಿ ಕ್ಯಾಂಪು ಎನ್ನುತ್ತಾರೆ. ಬಸಿಗಾಲುವೆ ತಿರುವು ತೆಗೆದುಕೊಂಡು ಬಂದು ಸೀದಾ ಆ ಹೊಲಕ್ಕೇ ಬಾಯಿ ತೆರೆದಿತ್ತು. ಮೂಲೆಯ ಬೆಳೆಯೆಲ್ಲ ಹಳದಿ ತಿರುಗಿ ಮಲಗಿತ್ತು. ಬದುವಿನ ಮೇಲೆ ಪಂಚೆ ಎತ್ತಿಕಟ್ಟಿದ ನಡುವಯಸ್ಸಿನ ರೈತ ಸಲಿಕೆ ಹಿಡಿದು ನಿಂತು ಬಯ್ಯುತ್ತಿದ್ದ.

"ಏಮಂಡಿ ಮೇಡಂ, ನೀವು ಆಫೀಸಿನೋರೇನ್ರಿ? ನೋಡ್ರಿ ಇದನ್ನ. ಆಯನ ಹೊಲದ ನೀರೆಲ್ಲ ನನ್ನ ತಲಿ ಮ್ಯಾಲೆ. ನಾಕು ವರ್ಷ ಆತು ಹೇಳಾಕತ್ತಿ."

ಅವರು ನಿಂತಲ್ಲೇ ನಿಂತರು. ಮುಖದಲ್ಲಿ ಏನೋ ಓಡಾಡಿದ್ದು ನನಗೆ ಕಂಡಿತು. "ಆಫೀಸಿನಾಕಿ ಅಲ್ರಿ," ಎಂದರು, "ಈ ಕಾಲೋನಿಯಾಕಿ."

ರೈತನ ಮುಖ ಸ್ವಲ್ಪ ಬಿಗಿದುಕೊಂಡಿತು. ಆದರೂ ಅವರು ಮುಂದಿನ ಭಾನುವಾರ ಅವನ ಮನೆಗೆ ಹೋದರು, ಜೊತೆಗೆ ನಾನೂ. ಪಡಸಾಲೆಯ ಹೊರಗೆ ಕುರ್ಚಿ ಹಾಕಿದರು. ಒಳಗಿನಿಂದ ಚಹಾ ಪೇಪರ್ ಕಪ್ಪಿನಲ್ಲಿ ಬಂತು. ರೈತ ತಾನು ಸ್ಟೀಲ್ ಲೋಟದಲ್ಲಿ ಕುಡಿದ. ನನಗೆ ಮೈ ಉರಿಯಿತು. ಅವರು ಕೊನೆಯ ಗುಟುಕಿನವರೆಗೂ ಕುಡಿದರು. ವಾಪಸು ಬರುವಾಗ ನಾನು ಸಿಟ್ಟು ಕಾರಿದೆ.

"ಪೇಪರ್ ಕಪ್ ಬಂದು ಎಲ್ಲಾರ ಮರ್ಯಾದಿ ಉಳಿಸೇತಿ ನೋಡ್ರಿ," ಎಂದರು. "ನಾ ಇವತ್ತ ಅವನ ಮನಿ ಗೆಲ್ಲಾಕ ಬಂದಿಲ್ಲ. ಹಾದಿಗೆ ಬಂದೀನಿ. ಎರಡೂ ಒಮ್ಮೆಗೇ ಕೇಳಿದ್ರ ಎರಡೂ ಸಿಗಾಂಗಿಲ್ಲ." ಸ್ವಲ್ಪ ದೂರ ನಡೆದ ಮೇಲೆ ಮತ್ತೆ, ತಮಗೇ ಹೇಳಿಕೊಂಡಂತೆ, "ಚಹಾ ಗಂಟಲದಾಗ ಇಳಿಲಿಲ್ರಿ, ಖರೇ ಹೇಳ್ತೀನಿ," ಎಂದರು.

ಆ ವರ್ಷ ತರಗತಿಯಲ್ಲಿ ಅವರು ಹೊಸದೊಂದು ಸೇರಿಸಿದ್ದು ಪ್ಲೈವುಡ್ಡಿನಾಚೆಯಿಂದ ಕೇಳಿತು. "ಯುದ್ಧದ ಕಡೀ ಕಡೀಕ ಬುದ್ಧಿ ಬಂತು. ಡಂಗುರ ಹೊಡಿಯೋದು ಬಿಟ್ರು. ತೋಪು, ಕಾಲ್ದಳ, ಟ್ಯಾಂಕು, ವಿಮಾನ, ಒಂದಾದ ಮ್ಯಾಲ ಒಂದಲ್ಲ, ಎಲ್ಲಾ ಕೂಡಿ ಒಂದ ಮುಂಜಾನಿ. ಇನ್ನ ಕೆಲವರು ಹೇಳಿದ್ರು, ಇಡೀ ದೇಶ ಗೆಲ್ಲೋ ಆಸಿ ಬ್ಯಾಡ, ಒಂದು ತುತ್ತು ನೆಲ ಕಚ್ಚೋಣು, ಕಚ್ಚಿದ್ದನ್ನ ಹಿಡ್ಕೊಂಡು ಕುಂದ್ರೋಣು, ಎದುರಿನವರೇ ಬರ್ಲಿ."

ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ, ಗದ್ದೆಗಳೆಲ್ಲ ಒಣಗಿ ಬಿರುಕುಬಿಟ್ಟಿದ್ದವು. ಗೌಡರಿಗೆ ಸುಳಿವು ಸಿಗದಂತೆ ಅವರು ಒಂದು ಬೆಳಿಗ್ಗೆ ಗೊತ್ತು ಮಾಡಿದರು. ಹಳೆಯ ಗಾಡಿ ಹಾದಿಯ ಅಳತೆಗೆ ಸರ್ವೇದವರು ಬರುವುದು ಆವತ್ತೇ. ಪಂಚಾಯಿತಿಯಿಂದ ಮಂಜೂರಾಗಿ ಮೂಲೆಯಲ್ಲಿ ಬಿದ್ದಿದ್ದ ಸಿಮೆಂಟ್ ಪೈಪುಗಳು ಟ್ರ್ಯಾಕ್ಟರಿನಲ್ಲಿ ಬಂದದ್ದು ಆವತ್ತೇ. ಕ್ಯಾಂಪಿನ ರೈತರು ಸಲಿಕೆ ಹಿಡಿದು ಬಂದರು. ಪೈಪು ಹಾಕಿದರೆ ನೀರಿನ ರಭಸ ಹಿಡಿತಕ್ಕೆ ಬರುತ್ತದೆ, ಅದು ಅವರ ಲೆಕ್ಕ. ಕಾಲೋನಿಯ ಗಂಡಸರು, ಹೆಂಗಸರು ಬುಟ್ಟಿ ತಂದರು. ಬಿಸಿಲೇರುವುದರೊಳಗೆ ಬಸಿಗಾಲುವೆಯ ಮೇಲೆ ಮಣ್ಣು ಬಿತ್ತು, ನಾಲ್ಕು ಮಂದಿ ಜೋಡಿಯಾಗಿ ನಡೆಯುವಷ್ಟು ಅಗಲಕ್ಕೆ.

ಹುಡುಗರು ಬದುವನ್ನೂ ಅಗಲ ಮಾಡಲು ಮುಂದೆ ಹೊರಟರು. ಅವರು ಅಡ್ಡ ನಿಂತರು. "ಒಂದು ಹೆಜ್ಜಿ ಮುಂದ ಇಡಬ್ಯಾಡ್ರಿ. ಇವತ್ತ ಇಷ್ಟ. ಆದ್ರ ಇದನ್ನ ಬಿಟ್ಟು ಮನಿಗೆ ಹೋಗಾಂಗಿಲ್ಲ ಯಾರೂ."

ಗೌಡರು ಬಂದರು, ಹಿಂದೆ ಜೆಸಿಬಿ. ಮೊದಲ ಸಲ ಅವರ ದನಿ ಏರಿದ್ದು ಕೇಳಿದೆ. "ಯಾರನ್ನ ಕೇಳಿ ಹಾಕಿದ್ರಿ ಇದನ್ನ?"

ಇವರ ತಮ್ಮ ಮುಂದೆ ಬರಲು ಹೋದ. ಇವರು ಅವನ ಅಂಗಿ ಹಿಡಿದು ಹಿಂದೆ ಎಳೆದರು. ಮುಂದೆ ಬಂದದ್ದು ಆ ಪೇಪರ್ ಕಪ್ಪಿನ ರೈತ. "ನಾವು ಹಾಕಿಸಿದ್ವಿ ಗೌಡ್ರೇ. ನೀರು ಪೈಪಿನಾಗ ಬರ್ಲಿ. ನೀವು ತೆಗಸ್ತೀವಿ ಅಂದ್ರ, ಮುಂದಿನ ಬೆಳಿಗೆ ನಿಮ್ಮ ಹೊಲಕ್ಕ ನೀರು ಬಿಡೋ ಮ್ಯಾಲಿನ ತೂಬಿನ ಸರದಿ ಮಾತು ನಾವೂ ತೆಗಿತೀವಿ."

ಗೌಡರು ಸುತ್ತ ನೋಡಿದರು. ಸರ್ವೇದವರು ಸರಪಳಿ ಹಿಡಿದು ನಿಂತಿದ್ದರು. ಹೆಂಗಸರು ಆಗಲೇ ಆ ಹೊಸ ಮಣ್ಣಿನ ಮೇಲೆ ಕೂತು ಕಾಳು ಹಸನು ಮಾಡುತ್ತಿದ್ದರು. ಗೌಡರು ಇವರತ್ತ ತಿರುಗಿ, ಮತ್ತೆ ಆ ನಯದ ದನಿಯಲ್ಲಿ, "ಇದು ನೀರಿನ ಸಲುವಾಗಿ. ಹಾದಿಗಲ್ಲ. ಹೌದಿಲ್ಲೋ ತಂಗಿ?" ಎಂದರು.

ಅವರು ಹೊಸ ಮಣ್ಣಿನ ಮೇಲೆ ಕೂತಿದ್ದ ಹೆಂಗಸರತ್ತ ಒಮ್ಮೆ ನೋಡಿದರು. "ಹೌದ್ರಿ," ಎಂದರು. "ನೀರಿನ ಸಲುವಾಗಿ."

ಜೆಸಿಬಿ ತಿರುಗಿತು. ಕಾಲೋನಿಯ ಮಂದಿ ಮಳೆಗಾಲದವರೆಗೂ ಸರದಿಯ ಮೇಲೆ ಅಲ್ಲೇ ಮಂಚ ಹಾಕಿದರು. ಆದರೆ ಅವರ ತಮ್ಮ ಅಕ್ಕನ ಜೊತೆ ಮಾತು ಬಿಟ್ಟ. "ಹಾದಿ ನಮ್ಮ ಹಕ್ಕು ಅನ್ನಾಕ ನಿನಗ ಬಾಯಿ ಬರ್ಲಿಲ್ಲ. ನೀರು ಅಂದಿ. ನಮ್ಮ ಹೆಣ ಅವರ ನೀರಿನ ಹೆಸರಿನ ಮ್ಯಾಲ ಹೋಗ್ಬೇಕಾ?" ಎಂದಿದ್ದನಂತೆ. ಅವರು ನನ್ನೆದುರು ಅದನ್ನು ಹೇಳಿ, "ಅವ ಹೇಳೋದ್ರಾಗ ತಪ್ಪಿಲ್ರಿ," ಎಂದರು. "ಆದ್ರ ಅವ್ವಗ ವಯಸ್ಸಾಗಾಕತ್ತೈತಿ." ಅದೊಂದೇ ದಿನ ಅವರ ಕಣ್ಣಲ್ಲಿ ನೀರು ಕಂಡದ್ದು.

ಬದುವಿನ ಹಾದಿ ಹಾಗೇ ಉಳಿಯಿತು. ಸರ್ವೇ ನಕ್ಷೆಯಲ್ಲಿ ಗಾಡಿ ಹಾದಿ ಇದೆ ಅಂತ ಬಂತು, ಗೌಡರು ಕೋರ್ಟಿಗೆ ಹೋದರು, ಇನ್ನೂ ನಡೆಯುತ್ತಿದೆ. ನನಗೆ ಲಿಂಗಸುಗೂರಿಗೆ ವರ್ಗವಾಯಿತು. ಈ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುಗೆಯ ಸಭೆಯಲ್ಲಿ ಮಾತಾಡಿದವರೆಲ್ಲ ಅವರ ಶಾಂತ ಸ್ವಭಾವವನ್ನು ಹೊಗಳಿದರು. ನನ್ನನ್ನೂ ಕರೆದರು. ಏನು ಹೇಳಬೇಕೆಂದು ತೋಚದೆ ಹಾರ ಹಾಕಿ ಕೆಳಗಿಳಿದೆ. ಹೇಳಬೇಕಾಗಿದ್ದದ್ದು ಅವರವ್ವನನ್ನು ಮಣ್ಣು ಮಾಡಿದ ದಿನದ್ದು.

ಪೈಪು ಹಾಕಿದ ಮೇಲಿನ ಮಳೆಗಾಲ ಅದು. ಕಾಲುವೆ ತುಂಬಿ ಹರಿಯುತ್ತಿತ್ತು, ಎಲ್ಲ ಕಡೆ ಆಗಷ್ಟೇ ನಾಟಿ ಮುಗಿದಿತ್ತು. ಸುದ್ದಿ ಕೇಳಿ ನಾನು ಲಿಂಗಸುಗೂರಿನಿಂದ ಬಂದೆ. ಅವರ ತಮ್ಮ ಚಟ್ಟದ ಮುಂದಿನ ಕಡೆ ಹೆಗಲು ಕೊಟ್ಟಿದ್ದ. ಹೆಣ್ಣುಮಕ್ಕಳು ಅಲ್ಲಿಯವರೆಗೆ ಹೋಗುವ ರೂಢಿ ಇರಲಿಲ್ಲ. ಅವರು ಯಾರನ್ನೂ ಕೇಳದೆ ಹಿಂದಿನ ಕಡೆ ಹೆಗಲು ಕೊಟ್ಟರು. ತಮ್ಮ ತಿರುಗಿ ನೋಡಿದ, ಹೆಗಲು ಸರಿಮಾಡಿಕೊಂಡು ಹೆಜ್ಜೆ ಇಟ್ಟ.

ಬಸಿಗಾಲುವೆಯನ್ನು ನಾಲ್ಕೂ ಜನ ಜೋಡಿಯಾಗಿ ಒಣಗಾಲಲ್ಲಿ ದಾಟಿದರು. ಆಚೆಗೆ ಅದೇ ಬದು, ಎರಡೂ ಕಡೆ ಗೌಡರ ಗದ್ದೆಯ ನೀರು. ಇಳಿದರು. ಮೊಣಕಾಲಿನವರೆಗೆ ಕೆಸರು. "ಅವ್ವಾ, ಸ್ವಲ್ಪ ತಡಕೋ," ಎಂದು ಅವರು ಮೆಲ್ಲಗೆ ಹೇಳುತ್ತಲೇ ಇದ್ದರು, "ಸ್ವಲ್ಪ ತಡಕೋ." ಚಟ್ಟ ವಾಲದ ಹಾಗೆ ಹಿಂದೆ ಮುಂದೆ ಜನ ಕೈ ಕೊಟ್ಟರು.

ಗೌಡರ ಹೊಲ ಮುಗಿದಲ್ಲಿ ತಮ್ಮ ಕಾಲಿಟ್ಟವನು ಗಕ್ಕನೆ ನಿಂತ. ಕಾಲು ಹುಗಿಯಲಿಲ್ಲ. ನೀರೂ ಇರಲಿಲ್ಲ. ಕ್ಯಾಂಪಿನ ರೈತನ ಹೊಲ ಅದು. ಹೊಲದ ತುಂಬ ಹೊಸ ಸಸಿ, ಬದುವಿನ ಗುಂಟ ಮಾತ್ರ ಒಂದು ಪಟ್ಟಿ ನಾಟಿ ಮಾಡದೆ ಬಿಟ್ಟು, ಗದ್ದೆಯ ನೀರು ಬರದಂತೆ ಒಡ್ಡು ಕಟ್ಟಿ, ಮಣ್ಣು ಏರಿಸಿ ತುಳಿದು ಗಟ್ಟಿ ಮಾಡಿದ್ದರು. ಬೇವಿನ ಮರದವರೆಗೂ, ಒಂದು ಚಟ್ಟದ ಅಗಲ.

"ಯಾರು ಬಿಟ್ರು ಇದನ್ನ?" ಎಂದ ತಮ್ಮ. "ನೀ ಕೇಳಿದ್ದೇನು ಅಕ್ಕಾ?"

"ಇಲ್ಲ," ಎಂದರು ಅವರು. "ನಾ ಕೇಳಿಲ್ಲ."

ಬಹಳ ದೂರದಲ್ಲಿ, ಕ್ಯಾಂಪಿನ ಬದುವಿನ ಮೇಲೆ, ಆ ರೈತ ಸಲಿಕೆ ಊರಿ ನಿಂತಿದ್ದ. ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದ. ಹತ್ತಿರ ಬರಲಿಲ್ಲ. ಇವರೂ ಕೈ ಎತ್ತಲಿಲ್ಲ, ಹೆಗಲ ಮೇಲೆ ತಾಯಿ ಇದ್ದಳು. ಹಾಗೇ ನೋಡುತ್ತ ನಿಂತು, ಆಮೇಲೆ ನಡೆದರು.

ಗಂಡನ ಪಕ್ಕದಲ್ಲಿ ಮಣ್ಣು ಮಾಡಿದೆವು. 'ಬುದ್ಧಂ ಸರಣಂ' ಎಂದು ತ್ರಿಸರಣ ಹೇಳಿದರು. ತಿರುಗಿ ಬರುವಾಗ ಆ ಪಟ್ಟಿಯ ಮೇಲೆ ಜನ ಮಾತಾಡುತ್ತ ಇಬ್ಬಿಬ್ಬರಾಗಿ ನಡೆದರು. ಅಕ್ಕ ತಮ್ಮ ಜೋಡಿಯಾಗಿ. ಗಟ್ಟಿ ನೆಲ ಮುಗಿಯುವ ಕಡೆ ಬಂದಾಗ ಎಲ್ಲರೂ ನಿಂತುಬಿಟ್ಟರು. ಮುಂದೆ ಗೌಡರ ಗದ್ದೆಯ ನೀರು ಹಾಗೇ ಇತ್ತು, ಕಾಲೋನಿ ಅದರಾಚೆ. ಬೇರೆ ದಾರಿ ಇರಲಿಲ್ಲ. ಯಾರೂ ಮೊದಲು ಇಳಿಯಲಿಲ್ಲ. ಅವರು ಸೀರೆ ಎತ್ತಿ ಸೊಂಟಕ್ಕೆ ಸಿಗಿಸಿ, ತಮ್ಮನ ಕೈ ಹಿಡಿದು, ನೀರಿಗೆ ಇಳಿದರು.